ಗಂಟೆ ಹೊತ್ತ ಹುಡುಗಿಯ ಲಂಗದ ಬಣ್ಣ

ಟಿಕೋಟಾದ ಆ ಓಣಿಯಲ್ಲಿ ಶಾಂಭವಿಯ ಬಗ್ಗೆ ಎರಡು ಮಾತು ಓಡಾಡುತ್ತಿದ್ದವು. "ಆಕಿ ಕಣ್ಣಾಗ ತಕ್ಕಡಿ ಐತಿ" ಎನ್ನುವುದು ಒಂದು. "ತಲಿ ಬೆಳ್ಳಗಾದ್ರೂ ಗೊಂಬಿ ಸಿನಿಮಾದ್ದ ಮಾತಾಡತಾಳ" ಎನ್ನುವುದು ಇನ್ನೊಂದು. ಮೊದಲನೆಯದನ್ನು ಆಕೆಯ ಎದುರಿಗೆ ಹೇಳುತ್ತಿದ್ದರು, ಎರಡನೆಯದನ್ನು ನಳದ ಹತ್ತಿರ ಕೊಡ ಇಟ್ಟುಕೊಂಡು ಹೇಳುತ್ತಿದ್ದರು. ಎದುರುಮನೆಯ ಸೋನಾಬಾಯಿ ಮಾತ್ರ ಎರಡನ್ನೂ ಎದುರಿಗೇ ಹೇಳುವವಳು. ಅವಳೂ ಶಾಂಭವಿಯೂ ಕೂಡಿಯೇ ಬೆಳೆದವರು, ಅದೇ ಊರಿನಲ್ಲಿ ಮದುವೆಯಾಗಿ ಅದೇ ಓಣಿಯಲ್ಲಿ ಉಳಿದವರು. ಹಾಗಾಗಿ ಆ ಸಲಿಗೆ.

ಎರಡೂ ಮಾತಿಗೆ ಬೇರು ಒಂದೇ. ಆ ಬೇರು ಇರುವುದು ಅಕ್ರಮನ ಮನೆಯ ಪಡಸಾಲೆಯಲ್ಲಿ.

ಆಗ ಶಾಂಭವಿ ಇನ್ನೂ ಲಂಗ ಉಡುವ ಹುಡುಗಿ. ಓಣಿಯ ಕೊನೆಯ ಮನೆಯ ಅಕ್ರಮ ಅರಬ್ ದೇಶದಲ್ಲಿ ಲಾರಿ ಓಡಿಸಿ ಊರಿಗೆ ಮರಳಿದವನು, ಕಂಬಳಿಯಲ್ಲಿ ಸುತ್ತಿ ಒಂದು ವಿಸಿಆರ್ ತಂದಿದ್ದ. ಜೊತೆಗೆ ಕೆಲವು ಕ್ಯಾಸೆಟ್. ಅದರಲ್ಲಿ ಒಂದು ಜಪಾನಿನವರು ಕೈಯಿಂದ ಚಿತ್ರ ಬರೆದು ಮಾಡಿದ ಗೊಂಬೆ ಸಿನಿಮಾ. ಅದಕ್ಕೆ ಅರಬ್ಬಿ ಮಾತು ಕೂಡಿಸಿದ್ದರು. ಅಕ್ರಮನಿಗೆ ಬರುತ್ತಿದ್ದ ಅರಬ್ಬಿ ದಾರಿ ಕೇಳುವಷ್ಟು, ಡೀಸೆಲ್ ಹಾಕಿಸುವಷ್ಟು. ಪಡಸಾಲೆಯಲ್ಲಿ ತುಂಬಿ ಕುಳಿತ ಮಂದಿ "ಏನಂತಾಳೋ ಅಕ್ರಮ, ಏನಂತಾಳ?" ಎಂದು ಕೇಳಿದರೆ ಆತ "ಎಡಕ್ಕ ಹೋಗ ಅಂತಾಳ" ಎನ್ನುತ್ತಿದ್ದ. ಹುಡುಗಿ ಅಳುತ್ತಿದ್ದರೂ ಎಡಕ್ಕೇ, ನಗುತ್ತಿದ್ದರೂ ಎಡಕ್ಕೇ.

ಶಾಂಭವಿಯ ಅಜ್ಜಿ ಮುದುಕವ್ವ ಕನಮಡಿಯ ಹೆಣ್ಣು. ಬಿತ್ತುವಾಗ, ಕಳೆ ತೆಗೆಯುವಾಗ, ಬೀಸುವಾಗ ಕಥೆ ಹೇಳಿಯೇ ಉಸಿರಾಡಿದವಳು. ಅವಳಿಗೆ ತಡೆಯಲಾಗಲಿಲ್ಲ.

"ಏ ಅಕ್ರಮ, ಅದರ ಬಾಯಿ ಮುಚ್ಚಸಪಾ. ಆ ಕೂಸಿಗೆ ಏನಾಗೈತಿ ನಾ ಹೇಳತೇನಿ."

ಅಕ್ರಮ ಸದ್ದು ಅಡಗಿಸಿದ. ಮುದುಕವ್ವ ಟಿವಿಯ ಪಕ್ಕ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, ಚಿತ್ರ ನೋಡುತ್ತ ನೋಡುತ್ತ ಕಥೆ ಕಟ್ಟಿದಳು. ಒಂದೂರು ನೀರಿನಲ್ಲಿ ಮುಳುಗಿತು. ಊರಿನ ಒಡೆದ ಗಂಟೆಯೊಂದನ್ನು ಒಬ್ಬ ಹುಡುಗಿ ತಲೆಯ ಮೇಲೆ ಹೊತ್ತುಕೊಂಡು, ಮತ್ತೆ ಎರಕ ಹೊಯ್ಯಿಸಲು ಸಮುದ್ರದ ದಂಡೆಯ ಪೇಟೆಗೆ ಹೊರಟಳು. ಅವಳಿಗೆ ಮುದುಕವ್ವ ಇಟ್ಟ ಹೆಸರು ಚಂದ್ರವ್ವ. ಹಿಂದೆ ಒಂದು ಕತ್ತೆ ಬರುತ್ತದೆ. ಭಾರ ಹೊರದೆ ಸುಮ್ಮನೆ ನಡೆದು ಬರುವ ಆ ಕತ್ತೆಗೆ ಸಾವ್ಕಾರ ಎಂದು ಹೆಸರಾಯಿತು. "ನಮ್ಮ ಚಂದ್ರವ್ವ ಕುಸುಬಿ ಹೂವಿನ ಲಂಗ ಉಟ್ಟಾಳ ನೋಡ್ರಿ. ಹೊಸಾ ಹೂವಲ್ಲ. ಹೊಲದಾಗ ಒಣಗಿ ಕೆಂಪಿಗಿ ತಿರಗಿರತೈತಲ್ಲ, ಆ ಹೂವು" ಎಂದಳು. ಮಳೆ ಬಂದರೆ ಅದು ಹುಬ್ಬೆ ನಕ್ಷತ್ರದ ಮಳೆ, ಹುಬ್ಬಿ ಮಳಿ ಎಂದು ಹೇಳಿದಳು. ದಾರಿಯಲ್ಲಿ ಕಂಡ ಬೆಟ್ಟಕ್ಕೆ ಹೆಸರಿಟ್ಟಳು. ಆ ಕ್ಯಾಸೆಟ್ ಎಷ್ಟು ಸಲ ಓಡಿತೋ, ಅಷ್ಟು ಸಲವೂ ಜನ ತುಂಬಿದರು. ಬೇರೆ ಕ್ಯಾಸೆಟ್ಟುಗಳನ್ನು ಯಾರೂ ಕೇಳಲಿಲ್ಲ.

ಶಾಂಭವಿ ದೊಡ್ಡವಳಾಗಿ, ಸಿದ್ದರಾಮನನ್ನು ಮದುವೆಯಾಗಿ, ಅವನ ದ್ರಾಕ್ಷಿ ತೋಟದ ಕೆಲಸ ಸಾಕಾಗಿ, ವಿಜಯಪುರದ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಂದು ಮ್ಯಾಚಿಂಗ್ ಸೆಂಟರ್ ಹಾಕಿದಳು. ಸೀರೆಗೆ ಹೊಂದುವ ಬ್ಲೌಸ್ ಪೀಸು, ಫಾಲು, ಒಳಲಂಗದ ಬಟ್ಟೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವುದು. ಅಂಗಡಿ ಅಗಲಕ್ಕಿಂತ ಉದ್ದ. ಗೋಡೆಯ ತುಂಬ ಬಣ್ಣದ ಕಟ್ಟುಗಳು. ಯಾರಾದರೂ ಸೀರೆ ತಂದು ಬಿಚ್ಚಿದರೆ ಶಾಂಭವಿ ಕಟ್ಟುಗಳ ಕಡೆ ಕೈ ಹಾಕುವ ಮೊದಲು ಸೀರೆಯನ್ನೂ ಗಿರಾಕಿಯನ್ನೂ ಹೊರಗೆ ಗಲ್ಲಿಗೆ ಕರೆದೊಯ್ಯುವಳು. "ಬಿಸಲಿಗಿ ಬರ್ರಿ. ಒಳಗ ಟ್ಯೂಬ್‌ಲೈಟ್ ಸುಳ್ಳು ಹೇಳತೈತಿ." ಬಿಸಿಲಲ್ಲಿ ಸೀರೆಯ ಮಡಿಕೆ ಬಿಚ್ಚಿ ಒಂದೇ ಸಲ ನೋಡಿ ಒಳಗೆ ಹೋಗಿ, ತಿರುಗಿ ನೋಡದೆ ಒಂದು ಕಟ್ಟು ಎಳೆದರೆ ಮುಗಿಯಿತು. ಎರಡನೆಯದನ್ನು ಎಳೆಯುವ ಪ್ರಸಂಗ ಬರುತ್ತಿರಲಿಲ್ಲ. ಒಂದೊಂದು ಸಲ ಸೀರೆಯನ್ನೇ ತಾರದೆ ಬಂದ ಹೆಂಗಸರು "ನಮ್ಮ ಎಮ್ಮಿ ಕರು ಹುಟ್ಟಿದಾಗ ಕಿವಿ ಒಳಗ ಇರತೈತಲ್ಲರಿ, ಆ ಬಣ್ಣ" ಎಂದರೂ ಅವಳು ತೆಗೆದುಕೊಟ್ಟಿದ್ದಿದೆ.

ಆ ಅಂಗಡಿಗೆ ಹೆಸರು ತಂದದ್ದು ಒಂದು ಬಣ್ಣ. ಶಾಂಭವಿ ಬಿಳಿಯ ಬಟ್ಟೆ ಕೊಟ್ಟು, ಬಣ್ಣ ಹಾಕುವವನ ಪಕ್ಕದಲ್ಲೇ ನಿಂತು, ಆತ "ಅಕ್ಕಾರ, ಸಾಕ ಮಾಡ್ರಿ" ಎಂದು ಕೈ ಮುಗಿಯುವವರೆಗೆ ಅದ್ದಿಸಿ ಅದ್ದಿಸಿ ಮಾಡಿಸಿದ ಬಣ್ಣ. ಕಿತ್ತಳೆಯಲ್ಲ, ಕುಂಕುಮವೂ ಅಲ್ಲ, ಒಣಗುತ್ತಿರುವ ಕುಸುಬೆ ಹೂವಿನ ಕೆಂಪು. ಹಸಿರು ಸೀರೆಗೂ ಹೊಂದುವುದು, ಕಪ್ಪಂಚಿಗೂ ಹೊಂದುವುದು. ಅದಕ್ಕೆ ಅವಳು ಇಟ್ಟ ಹೆಸರು ಚಂದ್ರವ್ವನ ಕೆಂಪು. ಕೇಳಿದವರಿಗೆಲ್ಲ ಗೊಂಬೆ ಸಿನಿಮಾದ ಕಥೆ ಹೇಳುವಳು. "ಖರೇನ ಇದ ಬಣ್ಣ ಇತ್ತೇನ್ರಿ?" ಎಂದರೆ "ಕಣ್ಣಿಲೆ ನೋಡೇನಿ" ಎನ್ನುವಳು. ಇಟ್ಟಂಗಿಹಾಳದಿಂದ ಹಿಡಿದು ಜೈನಾಪುರದವರೆಗೆ ಮದುಮಕ್ಕಳ ಪೆಟ್ಟಿಗೆಯಲ್ಲಿ ಚಂದ್ರವ್ವನ ಕೆಂಪು ಒಂದಾದರೂ ಇರಬೇಕು ಎನ್ನುವ ಹಾಗಾಯಿತು.

ಹೀಗಿರುವಾಗ ಬಬಲೇಶ್ವರದ ಬಸಗೊಂಡಪ್ಪನವರ ಮಗಳು ಗೀತಾಂಜಲಿಯ ಮದುವೆ ಗೊತ್ತಾಯಿತು. ಬಸಗೊಂಡಪ್ಪನವರದು ಗೊಬ್ಬರದ ಅಂಗಡಿ, ದೊಡ್ಡ ಮನೆ, ದೊಡ್ಡ ಬಳಗ. ಗೀತಾಂಜಲಿ ಚಿಕ್ಕಂದಿನಲ್ಲಿ ತಾಯಿಯ ಜೊತೆ ಶಾಂಭವಿಯ ಅಂಗಡಿಗೆ ಬಂದು ಚಂದ್ರವ್ವನ ಕಥೆ ಕೇಳಿ ಕೇಳಿ ಬೆಳೆದವಳು. ಮದುವೆಗೆ ಬಳಗದ ಎಲ್ಲ ಹೆಂಗಸರಿಗೂ ಅದೇ ಬಣ್ಣದ ಪೀಸು ಬೇಕೆಂದು ಹಟ ಹಿಡಿದಳು. ಅಷ್ಟೇ ಅಲ್ಲ, ಹಳೆಯ ಜಪಾನಿ ಸಿನಿಮಾ ಬಲ್ಲವರನ್ನು ಫೋನಿನಲ್ಲಿ ಹುಡುಕಿ, ಗಂಟೆ ಹೊತ್ತ ಹುಡುಗಿ, ಹಿಂದೊಂದು ಕತ್ತೆ ಎಂದು ಗುರುತು ಹೇಳಿ, ಆ ಸಿನಿಮಾವನ್ನೇ ಪತ್ತೆಹಚ್ಚಿದಳು. ಹಕ್ಕು ಇದ್ದ ಕಂಪನಿಯೇ ಅದರ ಡಿಸ್ಕನ್ನು ಹೊರಡಿಸಿತ್ತು. ತರಿಸಿದಳು. ಹಳೆಯ ಚಿತ್ರವನ್ನು ಹೊಸ ವಿಧಾನದಿಂದ ಶುಚಿ ಮಾಡಿದ್ದೇವೆ ಎಂದು ಡಬ್ಬಿಯ ಮೇಲೆ ಬರೆದಿತ್ತು.

"ಅಕ್ಕಾರ, ನೀವ ಬಂದ ಮ್ಯಾಲ ಡಬ್ಬಿ ಬಿಚ್ಚತೇನಿ" ಎಂದು ಗೀತಾಂಜಲಿ ಫೋನು ಮಾಡಿದಾಗ ಶಾಂಭವಿ ಅಂಗಡಿಗೆ ಬೀಗ ಹಾಕಿಯೇ ಬಿಟ್ಟಳು. ಸೋನಾಬಾಯಿಯೂ "ನಾನೂ ನೋಡಿದಾಕಿನ, ನಾನೂ ಬರತೇನಿ" ಎಂದು ಹೊಸ ಸೀರೆ ಉಟ್ಟು ಬಸ್ಸು ಹತ್ತಿದಳು.

ಬಬಲೇಶ್ವರದ ಆ ಮನೆಯ ಟಿವಿ ಗೋಡೆಯ ಅರ್ಧ ಇತ್ತು. ಹೆಂಗಸರು, ಗಂಡಸರು, ಬಸಗೊಂಡಪ್ಪನವರ ತಂಗಿ ನೀಲಾಬಾಯಿ, ಎಲ್ಲರೂ ಚಹಾ ಕುಡಿಯುತ್ತ ಕುಳಿತರು. ಡಿಸ್ಕ್ ಓಡಿತು. ಮೊದಲು ಕಂಡದ್ದು ಹುಡುಗಿಯ ಮುಖ.

ಶಾಂಭವಿಯ ಕೈಯಲ್ಲಿದ್ದ ಚಹಾದ ಬಸಿ ಹಾಗೇ ನಿಂತಿತು. ಮುಖವೇನೋ ಚಂದ್ರವ್ವನದೇ. ಆದರೆ ಮೇಣದಲ್ಲಿ ಎರಕ ಹೊಯ್ದು ಬೆಣ್ಣೆ ಸವರಿದ ಹಾಗೆ. ಪೆನ್ಸಿಲಿನ ಸಣ್ಣ ಗೆರೆಗಳಿದ್ದವಲ್ಲ, ಹುಬ್ಬಿನ ಹತ್ತಿರ, ಗಲ್ಲದ ಹತ್ತಿರ, ಅವೆಲ್ಲ ಅಲ್ಲಲ್ಲಿ ಹರಿದು ಹೋಗಿದ್ದವು. ಹುಡುಗಿ ನಡೆದರೆ ಅವಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಸೀಳುಗಳು ಏಳುತ್ತಿದ್ದವು. ಅಗಲದ ಟಿವಿ ತುಂಬಲೆಂದು ಚಿತ್ರದ ಮೇಲೂ ಕೆಳಗೂ ಕತ್ತರಿಸಿ ಹಿಗ್ಗಿಸಿದ್ದರು.

"ಏನ್ರಿ ಶಾಂಭವಿಯವರ" ಎಂದರು ಬಸಗೊಂಡಪ್ಪನವರು, "ಗಂಟಿ ಹೊತ್ತ ಹುಡಗಿ ಅಂದಿದ್ರಿ. ಈಕಿ ಖಾಲಿ ತಲಿ ಮ್ಯಾಲ ಎರಡೂ ಕೈ ಇಟ್ಕೊಂಡು ಹೊಂಟಾಳಲ್ರಿ. ತಲಿನೋವೇನು?"

ಮಂದಿ ನಕ್ಕಿತು. ಗಂಟೆ ಪರದೆಯ ಆಚೆ ಹೋಗಿತ್ತು. ಕತ್ತೆಗೆ ಕಾಲಿರಲಿಲ್ಲ, ತೇಲಿಕೊಂಡು ಬರುತ್ತಿತ್ತು. ಇನ್ನೊಂದು ಕಡೆ ಹುಡುಗಿ ದೊಡ್ಡ ಎಲೆಯೊಂದನ್ನು ಛತ್ರಿಯಂತೆ ಹಿಡಿದು ಓಡಿದಳು. ಆಕಾಶ ನಿಚ್ಚಳವಾಗಿತ್ತು.

"ಮಳಿ ಎಲ್ಲಿ ಹೋತು?" ಎಂದು ಶಾಂಭವಿ ತನ್ನಷ್ಟಕ್ಕೇ ಅಂದಳು. "ಇಲ್ಲಿ ದೊಡ್ಡ ಮಳಿ ಐತಿ. ಹುಬ್ಬಿ ಮಳಿ."

"ಮಳಿ ಇಲ್ರಿ, ಬಿಸಲಿಗಿ ಹಿಡದಾಳ" ಎಂದಳು ನೀಲಾಬಾಯಿ. "ಇರಲಿ ಬಿಡ್ರಿ. ಆ ಲಂಗ ಯಾವಾಗ ಉಡತಾಳ, ಕೆಂಪಂದು?"

ಹುಡುಗಿ ಆಗಲೇ ಉಟ್ಟಿದ್ದಳು. ಮೊದಲಿನಿಂದಲೂ ಅದನ್ನೇ ಉಟ್ಟಿದ್ದಳು. ಉತ್ತ ಹೊಲದ ಒಣ ಮಣ್ಣಿನ ಬಣ್ಣದ ಲಂಗ.

ನೀಲಾಬಾಯಿ ಚಹಾದ ಬಸಿ ಕೆಳಗಿಟ್ಟು, "ಇದು ಕೆಂಪಾದ್ರ ನಮ್ಮ ಎಮ್ಮಿನೂ ಕೆಂಪ ಬೇ" ಎಂದಳು. ಈ ಸಲ ನಗು ದೊಡ್ಡದಾಗಿಯೇ ಬಂತು. ಸೋನಾಬಾಯಿ ಎದ್ದು ನಿಂತು, "ಕೆಂಪ ಇತ್ರಿ, ನಾನೂ ನೋಡೇನಿ, ನನ್ನ ಕಣ್ಣೇನು ಕುರುಡಲ್ಲ" ಎಂದು ಜಗಳಕ್ಕೇ ನಿಂತಳು. ಶಾಂಭವಿ ಅವಳ ಸೆರಗು ಹಿಡಿದು ಕೂರಿಸಿದಳು.

"ಈ ಡಿಸ್ಕ್ ಕೆಟ್ಟೈತ್ರಿ. ಕಾಣಾಕತ್ತೈತಲ್ಲ ನಿಮಗೂ. ಮೂಲ ಕ್ಯಾಸೆಟ್ ಟಿಕೋಟಾದಾಗ ಐತಿ. ತಂದು ತೋರಸತೇನಿ."

"ತೋರಿಸ್ರಿ" ಎಂದರು ಬಸಗೊಂಡಪ್ಪನವರು. ಅವರು ಕೆಟ್ಟ ಮನುಷ್ಯರಲ್ಲ. "ನಿಮ್ಮ ಮಾತು ಖರೆ ಇದ್ರ ಎಲ್ಲಾ ಪೀಸು ನಿಮ್ಮ ಅಂಗಡ್ಯಾಗ. ಮಗಳ ಹಟ ಅದು. ಆದ್ರ ಕಂಪನಿಯವರು ಇಷ್ಟು ದೊಡ್ಡ ಸುಳ್ಳು ಯಾಕ ಹೇಳತಾರ, ನನಗ ತಿಳೀವಲ್ದು."

ಆ ಮಾತು ಬಸ್ಸಿನಲ್ಲಿ ಅವಳ ಜೊತೆಗೇ ಕುಳಿತು ಟಿಕೋಟಾಕ್ಕೆ ಬಂತು. ಮರುದಿನ ಅಂಗಡಿಗೂ ಬಂತು.

ಜೈನಾಪುರದಿಂದ ಬಂದ ಒಬ್ಬಾಕೆ ನವಿಲುಗೊರಳಿನ ಸೀರೆ ಬಿಚ್ಚಿದಳು. ಶಾಂಭವಿ ಬಿಸಿಲಿಗೆ ಒಯ್ದಳು, ನೋಡಿದಳು, ಒಳಗೆ ಬಂದು ಒಂದು ಕಟ್ಟು ಎಳೆದಳು. ಮತ್ತೆ ಇನ್ನೊಂದು ಎಳೆದಳು. ಎರಡನ್ನೂ ಹಿಡಿದು ನಿಂತು, ಮೂರನೆಯದಕ್ಕೆ ಕೈ ಚಾಚಿದಳು. "ಯಾಕ್ರಿ ಅಕ್ಕಾರ, ಆರಾಮ ಇಲ್ಲೇನು?" ಎಂದಳು ಗಿರಾಕಿ. ಆ ವಾರವೆಲ್ಲ ಹಾಗೇ ನಡೆಯಿತು. ಕೆಲವರು ಪೀಸು ಒಯ್ದು ಮನೆಯಲ್ಲಿ ನೋಡಿ ಮರಳಿ ತಂದರು. ಹಿಂದೆಂದೂ ಆ ಅಂಗಡಿಯಲ್ಲಿ ಹಾಗಾಗಿರಲಿಲ್ಲ.

ಮನೆಯಲ್ಲಿ ಅನ್ನದ ಮುಂದೆ ಕೈ ಕಟ್ಟಿ ಕುಳಿತವಳನ್ನು ನೋಡಿ ಸಿದ್ದರಾಮನಿಗೆ ಕೆಡುಕೆನಿಸಿತು.

"ಅಲ್ಲಬೇ, ಒಂದು ಗೊಂಬಿ ಲಂಗಕ್ಕ ಇಷ್ಟ್ಯಾಕ? ಕೆಂಪಿದ್ರೇನು, ಕರೇದಿದ್ರೇನು?"

"ಲಂಗದ ಮಾತಲ್ಲರಿ ಇದು, ನನ್ನ ಕಣ್ಣಿನ ಮಾತು. ನಾ ಬಣ್ಣ ನೋಡಾಕ ಕಲತದ್ದ ಅಲ್ಲಿ. ಆ ಕೆಂಪು ಮನಸಿನ್ಯಾಗ ಇಟ್ಕೊಂಡು ಉಳಿದ ಬಣ್ಣ ಎಲ್ಲಾ ತೂಗೇನಿ. ಅದನ್ನ ತಪ್ಪು ನೋಡಿದ್ರ, ಆಮ್ಯಾಲ ನೋಡಿದ್ದೆಲ್ಲಾ ಏನಾತು? ನಾಳೆ ಅಂಗಡಿ ಬಾಗಲಾ ಯಾವ ಧೈರ್ಯದ ಮ್ಯಾಲ ತೆಗೀಲಿ?"

ಸಿದ್ದರಾಮ ಹೆಚ್ಚು ಮಾತಿನವನಲ್ಲ. ಎದ್ದು ಚಪ್ಪಲಿ ಮೆಟ್ಟಿದ. "ನಡಿ, ಅಕ್ರಮಣ್ಣನ ಮನಿಗಿ ಹೋಗೂಣು" ಎಂದ.

ಅಕ್ರಮನಿಗೆ ಈಗ ಮೊಣಕಾಲು ಹಿಡಿದಿದ್ದವು. ಟ್ರಂಕಿನ ತಳದಲ್ಲಿ ಬೇವಿನೆಲೆಯ ನಡುವೆ ಕ್ಯಾಸೆಟ್ ಸಿಕ್ಕಿತು. ವಿಸಿಆರ್ ಅಟ್ಟದ ಮೇಲಿತ್ತು. ಒಳಗಿನ ರಬ್ಬರಿನ ಪಟ್ಟಿ ಕರಗಿ ಡಾಂಬರಾಗಿತ್ತು. ಶಾಂಭವಿ ಅದನ್ನು ತೊಡೆಯ ಮೇಲಿಟ್ಟುಕೊಂಡು ವಿಜಯಪುರಕ್ಕೆ ಒಯ್ದು, ಹಳೆಯ ರೇಡಿಯೊ ರಿಪೇರಿ ಮಾಡುವವನಿಂದ ಬೇರೆ ಪಟ್ಟಿ ಹಾಕಿಸಿ ತಂದಳು. ಒಂದು ಮಧ್ಯಾಹ್ನ ಅಕ್ರಮನ ಪಡಸಾಲೆಯಲ್ಲಿ, ಮಗ ಕೊಡಿಸಿದ ಹೊಸ ಟಿವಿಗೆ ತಂತಿ ಜೋಡಿಸಿದರು. ಅಕ್ರಮನ ಹೆಂಡತಿ ರೋಶನಬಿ ಕಿಟಕಿಯ ಪರದೆ ಎಳೆದಳು. ಸಿದ್ದರಾಮ ತೋಟಕ್ಕೆ ಹೋಗಿದ್ದ. ಇವರು ಮೂವರೇ.

ಕ್ಯಾಸೆಟ್ ಮೊದಲು ಕೆಮ್ಮಿತು. ಬಿಳಿಯ ಗೆರೆಗಳು ಕೆಳಗಿನಿಂದ ಮೇಲಕ್ಕೆ ಓಡಿದವು. ಆಮೇಲೆ ಚಂದ್ರವ್ವ ಬಂದಳು, ತಲೆಯ ಮೇಲೆ ಗಂಟೆ ಹೊತ್ತು. ಗಂಟೆಯ ಮೇಲಿನ ಸೀಳೂ ಕಾಣುತ್ತಿತ್ತು. ಹುಬ್ಬಿನ ಹತ್ತಿರದ ಸಣ್ಣ ಗೆರೆ ಇತ್ತು. ಕತ್ತೆ ನಾಲ್ಕೂ ಕಾಲಿನ ಮೇಲೆ ನಡೆದು ಬಂತು. ಶಾಂಭವಿಗೆ ಉಸಿರು ಬಂದ ಹಾಗಾಯಿತು. ಎಲೆಯ ಛತ್ರಿಯ ಹೊತ್ತಿಗೆ ಮಳೆ ಬಂತು. ಸಾವಿರ ಸಣ್ಣ ಗೆರೆಗಳ ಮಳೆ, ಒಂದೊಂದನ್ನೂ ಯಾರೋ ಕೂತು ಎಳೆದದ್ದು. ಆ ಗೆರೆಗಳನ್ನೇ ಕಂಪನಿಯವರು ಕೊಳೆ ಎಂದು ತಿಳಿದು ತೊಳೆದುಬಿಟ್ಟಿದ್ದರು.

"ನೋಡ್ರಿ ಅಕ್ರಮಣ್ಣ, ಮಳಿ" ಎಂದಳು. ಅಕ್ರಮ "ಹುಬ್ಬಿ ಮಳಿ" ಎಂದ. ಇಬ್ಬರೂ ನಕ್ಕರು.

ಹುಡುಗಿ ಎಲೆ ಬಿಸಾಕಿ ದಿಬ್ಬ ಹತ್ತಿದಳು. ಲಂಗ ಪೂರ್ತಿ ಕಂಡಿತು. ಮಣ್ಣಿನ ಬಣ್ಣ.

ಶಾಂಭವಿ ಟಿವಿಯ ಹತ್ತಿರ ಹೋಗಿ ಕುಳಿತಳು. "ಬಣ್ಣ ಹಾರೇದ. ಹಳೇ ಕ್ಯಾಸೆಟ್ಟಲ್ಲ" ಎಂದಳು. ಆದರೆ ಕತ್ತೆಯ ಕೊರಳಲ್ಲಿ ಒಂದು ಗೊಂಡೆ ಇತ್ತು, ಅದು ಕೆಂಪಾಗಿಯೇ ಇತ್ತು. ದಿಬ್ಬದ ಹುಲ್ಲು ಹಸಿರಾಗಿಯೇ ಇತ್ತು. ಪಕ್ಕದ ಕೆಂಪು ಉಳಿದು ಲಂಗದ ಕೆಂಪೊಂದೇ ಹಾರಿ ಹೋಗುವುದಿಲ್ಲ. ದಿನವೂ ಬಟ್ಟೆಯ ಪಕ್ಕ ಬಟ್ಟೆ ಇಟ್ಟು ನೋಡುವವಳಿಗೆ ಅದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ.

"ಹಂಗಾರ ನಾ ಏನ ನೋಡಿದೆ?" ಎಂದಳು.

ಅಕ್ರಮ ಗಡ್ಡ ನೀವಿಕೊಂಡ. "ತಂಗಿ, ಒಂದು ಮಾತು ಹೇಳಲಿ? ಅವಾಗ ನಮ್ಮನ್ಯಾಗ ಇದ್ದ ಟಿವಿ ಬ್ಲ್ಯಾಕ್ ಅಂಡ್ ವೈಟ್. ಬಣ್ಣದ್ದು ತಂದದ್ದು ನಮ್ಮ ಹುಡುಗನ ಸುನ್ನತಿ ಮುಂದ. ಅದರೊಳಗ ಈ ಕ್ಯಾಸೆಟ್ ಹಾಕೇ ಇಲ್ಲ. ಅಷ್ಟೊತ್ತಿಗೆ ನಿಮ್ಮಜ್ಜಿ ತೀರಕೊಂಡಿದ್ದಳು. ಆಕಿ ಇಲ್ದ ಇದನ್ನ ಯಾರು ನೋಡತಾರ ಅಂತ ಕಟ್ಟಿ ಇಟ್ಟೆ."

ರೋಶನಬಿ ಬಾಗಿಲಲ್ಲಿ ನಿಂತವಳು, "ಹೌದಲ್ಲ ಬೇ, ಮುಂದೊಂದು ಪ್ಲಾಸ್ಟಿಕ್ ಹಾಳಿ ಕಟ್ಟಿದ್ವಿ. ಮ್ಯಾಲ ನೀಲಿ, ಕೆಳಗ ಹಸರ" ಎಂದಳು.

ಅಷ್ಟು ಹೇಳಿದ್ದೇ ತಡ, ಶಾಂಭವಿಗೆ ಎಲ್ಲ ಕಂಡಿತು. ಬೂದಿ ಬಣ್ಣದ ಚಿತ್ರ. ಅದರ ಪಕ್ಕ ಕಂಬಕ್ಕೆ ಬೆನ್ನು ಕೊಟ್ಟ ಮುದುಕವ್ವ. ಬೂದಿಯ ಹುಡುಗಿಗೆ ಬಾಯಿಂದಲೇ ಲಂಗ ಉಡಿಸುತ್ತಿದ್ದ ಮುದುಕವ್ವ. ಪಡಸಾಲೆಯ ಮಂದಿಯೆಲ್ಲ ಕಿವಿಯಿಂದ ಕೇಳಿದ್ದನ್ನು ಕಣ್ಣಿಂದ ನೋಡಿದೆವೆಂದು ತಿಳಿದು ಮನೆಗೆ ಹೋಗಿದ್ದರು. ಕನಮಡಿಯ ಹೊಲದ ಕುಸುಬೆ ಹೂವು ಜಪಾನಿನ ಹುಡುಗಿಯ ಲಂಗವಾಗಿ, ಅಲ್ಲಿಂದ ಒಂದು ನಾಡಿನ ಮದುಮಕ್ಕಳ ಕುಪ್ಪಸವಾಗಿತ್ತು.

ಅವಳು ಅಳಲಿಲ್ಲ. ನಕ್ಕಳೋ ಏನೋ, ಸೆರಗು ಬಾಯಿಗೆ ಹಿಡಿದಿದ್ದರಿಂದ ಅಕ್ರಮನಿಗೆ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಕ್ರಮ ದನಿ ತಗ್ಗಿಸಿ ಹೇಳಿದ: "ಇದನ್ನ ಯಾರಿಗೂ ಹೇಳೂ ಜರೂರ ಇಲ್ಲ. ಕ್ಯಾಸೆಟ್ ಹರೀತು ಅನ್ನು. ಆ ಡಿಸ್ಕಿನ್ಯಾಗ ಗಂಟಿ ಇಲ್ಲ, ಮಳಿ ಇಲ್ಲ, ಕತ್ತಿಗಿ ಕಾಲಿಲ್ಲ. ಎಲ್ಲಾರೂ ನೋಡ್ಯಾರ. ಅಷ್ಟು ಕೆಡಿಸಿದವರು ಬಣ್ಣಾನೂ ಕೆಡಿಸ್ಯಾರ ಅಂದ್ರ ಯಾರು ಇಲ್ಲ ಅಂತಾರ? ನಿನ್ನ ಅಂಗಡಿ ಹೆಸರು ಉಳೀತೈತಿ. ಕಂಪನಿಯವರಿಗೆ ಅದರಿಂದ ಏನೂ ಆಗಾಂಗಿಲ್ಲ."

ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ; ಅಣ್ಣನಾದವನು ಹೇಳುವ ಮಾತೇ ಅದು. ಚಹಾ ಆರಿತು. ರೋಶನಬಿ ಬೇರೆ ಚಹಾ ತಂದಳು, ಅದೂ ಆರಿತು. ಕೊನೆಗೆ ಅವಳು ಎದ್ದು ವಿಸಿಆರಿನ ತಂತಿ ಬಿಚ್ಚಿ ಸುತ್ತತೊಡಗಿದಳು.

"ಇದನ್ನ ಬಬಲೇಶ್ವರಕ್ಕ ಒಯ್ಯತೇನಿ ಅಣ್ಣಾ. ಕೊಡ್ತೀರಿಲ್ಲ?"

ಬಸಗೊಂಡಪ್ಪನವರ ಪಡಸಾಲೆಯಲ್ಲಿ ಅದೇ ಮಂದಿ, ಅದೇ ನೀಲಾಬಾಯಿ. ಶಾಂಭವಿ ಮೊದಲು ಕ್ಯಾಸೆಟ್ ಹಾಕಿ ಗಂಟೆ ತೋರಿಸಿದಳು, ಮಳೆ ತೋರಿಸಿದಳು. ಗಂಟೆ ಕಂಡೊಡನೆ ಬಸಗೊಂಡಪ್ಪನವರು "ಎಲಾ ಇವರ" ಎಂದು ಮುಂದಕ್ಕೆ ಬಾಗಿದರು. ಮಳೆ ಬಂದಾಗ ನೀಲಾಬಾಯಿಯೂ ಹತ್ತಿರ ಸರಿದು ನೋಡಿದಳು. ಲಂಗ ಕಾಣುವ ಮೊದಲೇ ಶಾಂಭವಿ ಕ್ಯಾಸೆಟ್ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹುಡುಗಿ ದಿಬ್ಬ ಹತ್ತುವವರೆಗೆ ಬಿಟ್ಟು, ಅಲ್ಲಿ ನಿಲ್ಲಿಸಿದಳು.

"ನೋಡ್ರಿ, ಇದೂ ಮಣ್ಣಿನ ಬಣ್ಣ. ನಾ ಇಷ್ಟು ವರ್ಷ ಹೇಳಿದ್ದು ತಪ್ಪು. ನಾವು ನೋಡಿದ ಟಿವಿಗೆ ಬಣ್ಣ ಇದ್ದಿಲ್ಲ. ಕೆಂಪು ಅಂದಾಕಿ ನಮ್ಮಜ್ಜಿ ಮುದುಕವ್ವ. ಆಕಿ ಹೇಳಿದ್ದನ್ನ ನಾ ನೋಡೇನಿ ಅಂತ ತಿಳಕೊಂಡೆ. ಬಣ್ಣದ್ದು ನನ್ನ ತಪ್ಪು. ಗಂಟಿ ಕತ್ತರಿಸಿದ್ದು, ಮಳಿ ಒರಸಿದ್ದು ಕಂಪನಿಯವರ ತಪ್ಪು. ಎರಡನ್ನೂ ಕೂಡಿಸಬ್ಯಾಡ್ರಿ."

ಯಾರೂ ನಗಲಿಲ್ಲ. ಬಸಗೊಂಡಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಸುಮ್ಮಿದ್ರ ನಮಗ ಗೊತ್ತಾಗತಿದ್ದಿಲ್ಲರಿ" ಎಂದರು.

"ನನಗ ಗೊತ್ತಿತ್ತಲ್ರಿ. ಗೊತ್ತಿದ್ದೂ ಇಟ್ಕೊಂಡ್ರ ನಾಳೆ ಯಾವ ಬಣ್ಣ ನೋಡಿದ್ರೂ ಇದು ಕಂಡದ್ದೋ, ಅಂದದ್ದೋ ಅಂತ ತಿಳೀದಂಗ ಆಗತೈತಿ. ಆಮ್ಯಾಲ ನಾ ಅಂಗಡ್ಯಾಗ ಕುಂತು ಏನ ಮಾಡಲಿ?"

ಗೀತಾಂಜಲಿ ನೆಲದ ಮೇಲೆ ಕುಳಿತಿದ್ದವಳು ಮೊಣಕಾಲ ಮೇಲೆ ಗಲ್ಲ ಇಟ್ಟುಕೊಂಡು, "ಅಕ್ಕಾರ, ಸದ್ದು ಬಂದ್ ಮಾಡತೇನಿ. ಅಜ್ಜಿ ಹೆಂಗ ಹೇಳತಿದ್ರೋ ಹಂಗ ನೀವ ಹೇಳ್ರಿ" ಎಂದಳು. ಶಾಂಭವಿ ನಾಚಿದಳು, ಒಲ್ಲೆ ಎಂದಳು, ಆಮೇಲೆ ಹೇಳಿದಳು. ಲಂಗದ ಮಾತು ಬಂದಾಗ ಮುದುಕವ್ವ ಹೇಳಿದ ಹಾಗೇ ಕುಸುಬೆ ಹೂವಿನ ಕೆಂಪು ಎಂದೇ ಹೇಳಿದಳು. ಕಥೆಯಲ್ಲಿ ಅದು ಸರಿಯೇ ಇತ್ತು. ಸಾವ್ಕಾರ ಎಂಬ ಕತ್ತೆಯ ಕಥೆಗೆ ಬಸಗೊಂಡಪ್ಪನವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಆದರೂ ಬಳಗವೆಂದರೆ ಬಳಗ. ಸಿನಿಮಾದ ಬಣ್ಣ ಅಲ್ಲವೆಂದ ಮೇಲೆ ಎಲ್ಲರಿಗೂ ಅದೇ ಯಾಕೆ ಎಂದು ನೀಲಾಬಾಯಿ ಹಿಡಿದಳು. ಬಹಳ ಮಂದಿ ಬೇರೆ ಅಂಗಡಿಗೆ ಹೋದರು. ಮದುಮಗಳೊಬ್ಬಳೇ ಹಟ ಬಿಡದೆ ಆ ಕೆಂಪನ್ನೇ ತೊಟ್ಟಳು. ಸುದ್ದಿ ವಿಜಯಪುರದ ಗಲ್ಲಿಗೂ ಬಂದು, ಆ ಹಂಗಾಮಿನಲ್ಲಿ ಅಂಗಡಿ ಮಂಕಾಗಿಯೇ ನಡೆಯಿತು. ಶಾಂಭವಿ ಕಟ್ಟಿನ ಮೇಲಿದ್ದ ಹೆಸರು ಬದಲಿಸಿ ಮುದುಕವ್ವನ ಕೆಂಪು ಎಂದು ಬರೆದಳು. ಕೇಳಿದವರಿಗೆ ನಡೆದದ್ದನ್ನು ನಡೆದಂತೆ ಹೇಳಿದಳು. ಗೀತಾಂಜಲಿಯಿಂದ ಕಂಪನಿಗೂ ಬರೆಸಿದಳು: ಮಳೆ ಎಲ್ಲಿ, ಗಂಟೆ ಎಲ್ಲಿ, ಹುಬ್ಬಿನ ಗೆರೆ ಎಲ್ಲಿ ಎಂದು. ಗೀತಾಂಜಲಿ "ಬಣ್ಣದ್ದೂ ಒಂದು ಸಾಲು ಹಾಕೂಣೇನ್ರಿ, ಬಣ್ಣಾನೂ ಮಂಕ ಐತಿ" ಎಂದರೆ, "ಬ್ಯಾಡ. ಅದರಾಗ ನನ್ನ ಸಾಕ್ಷಿ ನಡ್ಯಾಂಗಿಲ್ಲ" ಎಂದಳು. ಉತ್ತರ ಬಂತು. ಅತ್ಯಾಧುನಿಕ ವಿಧಾನದಲ್ಲಿ ಚಿತ್ರವನ್ನು ಶುಚಿಗೊಳಿಸಲಾಗಿದೆ, ತಮ್ಮ ಪ್ರೀತಿಗೆ ಧನ್ಯವಾದ. ಶಾಂಭವಿ ಅದನ್ನು ಓದಿಸಿ ಕೇಳಿ, "ಒಂದೊಂದ ಮಳಿ ಗೆರಿ ಕುಂತು ಎಳದಾವ ಇದ್ದಿದ್ರ ಏನಂತಿದ್ನೋ" ಎಂದಳು.

ಅವಳ ಕಣ್ಣು ಮಾತ್ರ ಮರಳಿ ಬಂತು. ಕ್ಯಾಸೆಟ್ ತೋರಿಸಿ ಬಬಲೇಶ್ವರದಿಂದ ಬಂದ ಮರುದಿನ ಮೊದಲ ಗಿರಾಕಿಗೆ ಒಂದೇ ಕಟ್ಟು ಎಳೆದಳು. ಮೊದಲಿಗಿಂತ ಒಂದು ಫರಕು ಇತ್ತು: ಸಂಶಯ ಬಂದರೆ "ಇದು ನನ್ನಲ್ಲಿ ಇಲ್ರಿ, ಮುಂದಿನ ಅಂಗಡ್ಯಾಗ ನೋಡ್ರಿ" ಎನ್ನಲು ಕಲಿತಿದ್ದಳು. ಮುಂದಿನ ಅಂಗಡಿಯವನಿಗೆ ಮೊದಮೊದಲು ಇದೇನೋ ಹೂಟ ಎನಿಸಿತ್ತು. ಆಮೇಲೆ ಆತನೂ ತನ್ನ ಗಿರಾಕಿಗಳನ್ನು ಇತ್ತ ಕಳಿಸತೊಡಗಿದ. ಹೋದವರಲ್ಲಿ ಬಹಳ ಮಂದಿ ತಿರುಗಿ ಬಂದರು. ನೀಲಾಬಾಯಿಯೂ ಒಂದು ದಿನ ಸೀರೆ ಹಿಡಿದು ಬಂದಳು, ಎಮ್ಮೆಯ ಮಾತು ಎತ್ತಲಿಲ್ಲ.

ಸೋನಾಬಾಯಿಯೊಬ್ಬಳೇ ಒಪ್ಪಲಿಲ್ಲ. ಅಕ್ರಮ ಹೇಳಿದ, ರೋಶನಬಿ ಹೇಳಿದಳು, ಶಾಂಭವಿ ಕ್ಯಾಸೆಟ್ಟನ್ನೇ ಹಾಕಿ ತೋರಿಸಿದಳು. "ಅದು ಬ್ಯಾರೆ ಕ್ಯಾಸೆಟ್" ಎಂದಳು ಸೋನಾಬಾಯಿ. "ನಾ ನೋಡಿದ್ದು ಕೆಂಪ."

ಮುಂದಿನ ಬೇಸಗೆಯಲ್ಲಿ ಶಾಂಭವಿಗೆ ಅಂಗಡಿಯ ಎರಡು ಮೆಟ್ಟಿಲು ಹತ್ತಿದರೆ ದಮ್ಮು ಬರತೊಡಗಿತು. ವಿಜಯಪುರದ ಡಾಕ್ಟರು ಹೃದಯದ ವಾಲ್ವು ಎಂದರು, ಮಿರಜದ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು. ಆಪರೇಶನ್ನು ದೊಡ್ಡದೆಂದು ಸಿದ್ದರಾಮನಿಗೆ ಹೇಳಿದರು. ಅವನು ಅದನ್ನು ಮುಚ್ಚಿಡಲು ನೋಡಿದ. "ನಿಮ್ಮ ಮುಖದ ಬಣ್ಣ ನನಗ ಕಾಣತೈತಿ, ಹೇಳ್ರಿ" ಎಂದಳು. ಹೇಳಿದ. ಅಂಗಡಿಯ ಬೀಗದ ಕೈಯನ್ನು ತಾನೇ ಮುಂದಿನ ಅಂಗಡಿಯವನಿಗೆ ಕೊಟ್ಟು ಬಂದಳು.

ಹೊರಡುವ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಕಾರಿನ ಸುತ್ತ ನಿಂತಿದ್ದರು. ಅಕ್ರಮ ಕೋಲು ಊರಿಕೊಂಡು ಬಂದಿದ್ದ. ರೋಶನಬಿ ದಾರಿಗೆ ರೊಟ್ಟಿ ಕಟ್ಟಿಕೊಟ್ಟಳು. ಶಾಂಭವಿ ಹೊಸ್ತಿಲು ದಾಟಿ, ಸಿದ್ದರಾಮನ ಕೈ ಹಿಡಿದು, ಕಟ್ಟೆ ಇಳಿದು ಕಾರಿನಲ್ಲಿ ಕುಳಿತಳು. ತಿರುಗಿ ಬರುವ ಮಾತನ್ನು ಯಾರೂ ಆಡಲಿಲ್ಲ; ಅವಳು ಇನ್ನು ಬರುವುದಿಲ್ಲ ಎಂಬುದು ಆಗ ಯಾರಿಗೂ ಗೊತ್ತಿರಲೂ ಇಲ್ಲ.

ಸೋನಾಬಾಯಿ ಕಿಟಕಿಯ ಹತ್ತಿರ ಬಂದು ಒಳಗೆ ತಲೆ ಹಾಕಿದಳು. ಹೇಳಬೇಕೆಂದದ್ದು ಬೇರೇನೋ ಇತ್ತು. ಬಾಯಿಗೆ ಬಂದದ್ದು ಇದು:

"ಏ ಶಾಂಭವಿ, ಕೆಂಪ ಇತ್ತು. ಇವತ್ತರೆ ಹೌದು ಅನ್ನು. ನಿನಗ ಪುಣ್ಯ ಬರತೈತಿ."

ಶಾಂಭವಿ ಅವಳ ಗಲ್ಲ ಮುಟ್ಟಿದಳು.

"ಇಲ್ಲ ಸೋನವ್ವ. ಮಣ್ಣಿನ ಬಣ್ಣ ಇತ್ತು" ಎಂದಳು. "ಚಲೋ ಬಣ್ಣಾನ ಅದೂ."

ಸಿದ್ದರಾಮ ಬಾಗಿಲು ಹಾಕಿದ. ಕಾರು ಓಣಿ ದಾಟಿ ದೊಡ್ಡ ರಸ್ತೆಗೆ ಬಿತ್ತು.